ಗುರುವಾರ ನೀರಿಲ್ಲ

ಡಾಕ್ಟರು ಸರ್ಟಿಫಿಕೇಟ್ ಬರೆಯಲು ಒಪ್ಪದೇ ಇರಬಹುದಿತ್ತು. ಒಪ್ಪಿದರೂ ಸಾವಿನ ಕಾರಣದ ಖಾನೆಯಲ್ಲಿ ಯಾರಿಗೂ ಓದಲಾಗದ ಹಾಗೆ ಗೀಚಬಹುದಿತ್ತು, ಹೂಳಲು ಪಾಲಿಕೆಯ ಪಾಸ್ ಕೊಡುವ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕಳಿಸಬಹುದಿತ್ತು. ಆಧಾರ್ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದದ್ದರಿಂದ ‘ಹಾಗಾದರೆ ಊರಿಗೇ ಒಯ್ಯಿರಿ’ ಎಂದುಬಿಡಬಹುದಿತ್ತು. ಶವವಾಹನ ಬೇರೆ ವಾರ್ಡಿಗೆ ಹೋಗಿರಬಹುದಿತ್ತು. ಬಂದರೂ, ನಮ್ಮ ಗಲ್ಲಿಯ ಬಾಯಲ್ಲಿ ಡ್ರೈನೇಜಿನವರು ತೋಡಿದ ಕಾಲುವೆಯ ಆಚೆಯೇ ನಿಂತುಬಿಡಬಹುದಿತ್ತು. ಮರದ ಟೊಂಗೆ ಕಡಿಯುವವರು ಶನಿವಾರದ ಕೆಲಸವನ್ನು ಅವತ್ತೇ ಹಚ್ಚಿಕೊಂಡು ರಸ್ತೆಗೆ ಅಡ್ಡಲಾಗಿ ಲಾರಿ ನಿಲ್ಲಿಸಬಹುದಿತ್ತು. ಗುರುವಾರವಾದ್ದರಿಂದ ನಲ್ಲಿಯಲ್ಲಿ ನೀರಿಲ್ಲ. ಹೆಣಕ್ಕೆ ಎರೆಯಲು ನಾಲ್ಕು ಕೊಡ ನೀರಿಗಾಗಿ ಮನೆ ಮನೆಯ ಬಾಗಿಲು ತಟ್ಟಬೇಕಾಗಬಹುದಿತ್ತು. ನಮ್ಮ ಸೊಸೈಟಿಯ ಸೆಕ್ರೆಟರಿ ಜೋಶಿ ಕಾಕಾ ‘ಮುಂದಿನ ಗೇಟಿನಿಂದ ಬೇಡ’ ಅನ್ನಬಹುದಿತ್ತು. ಕುಣಿ ತೋಡುವವನು ಮಗಳ ಮದುವೆಗೆಂದು ರಜೆ ಹಾಕಿರಬಹುದಿತ್ತು. ಮಳೆ ಬರಬಹುದಿತ್ತು. ಏಪ್ರಿಲ್ ಕೊನೆಗೆ ಪುಣೆಯ ಮಧ್ಯಾಹ್ನಗಳನ್ನು ನಂಬುವ ಹಾಗಿಲ್ಲ.

ಇವಿಷ್ಟನ್ನೂ ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. ಒಂದು ಹಳೆಯ ಲಕೋಟೆಯ ಬೆನ್ನ ಮೇಲೆ ನಂಬರ್ ಹಾಕಿ ಬರೆದಿದ್ದೇನೆ. ಮೊನ್ನೆ ಇಸ್ತ್ರಿಗೆ ಕೊಡುವ ಪ್ಯಾಂಟಿನ ಕಿಸೆಯಲ್ಲಿ ಅದು ಸಿಕ್ಕಿತು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಶರಣಪ್ಪ ತೀರಿಹೋದ ಬೆಳಿಗ್ಗೆ, ಅವನ ಹೆಣದಿಂದ ಹತ್ತು ಹೆಜ್ಜೆ ದೂರದಲ್ಲಿ, ಪಂಪಿನ ಕಟ್ಟೆಯ ಮೇಲೆ ಕೂತು ಬರೆದದ್ದು. ಅಕ್ಷರ ದುಂಡಗಿವೆ. ಬೇರೆಯವರ ಮನೆಯ ಸಾವಿನಲ್ಲಿ ಅಕ್ಷರ ಇಷ್ಟು ದುಂಡಗೆ ಬರುವವನನ್ನು ಏನನ್ನಬೇಕೋ ನೀವೇ ಹೇಳಿ.

ಹೆಂಡತಿ ಸುಧಾ ಧಾರವಾಡದವಳು. ಲಕೋಟೆಯನ್ನು ತಿರುಗಿಸಿ ನೋಡಿ, “ಇದನ್ನ ಯಾಕ ಇಟ್ಕೊಂಡೀರಿ? ಹರದು ಒಗೀರಿ” ಅಂದಳು. ಹರಿಯಲಿಲ್ಲ. ಕಾಗದ ಹರಿಯುವುದು ನಮ್ಮ ವಂಶದಲ್ಲೇ ಇಲ್ಲ.

ವಂಶ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ನಮ್ಮಪ್ಪ ಕಡಲದಂಡೆಯ ಒಂದು ಸಣ್ಣ ಊರಿನ ನಗರಸಭೆಯಲ್ಲಿ ಗುಮಾಸ್ತರಾಗಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಕಚೇರಿಯ ಜಗಲಿಯ ಮೇಲಿನ ಕಪ್ಪು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ವಾರ ಯಾವ ಶಾಖೆಯವರು ಯಾವ ದಿನ ಏನು ಮಾಡುತ್ತಾರೆಂದು ಬರೆಯುವುದು ಅವರ ಪಾಲಿನ ಕೆಲಸ. ಸೋಮವಾರ ಮೀನು ಮಾರ್ಕೆಟ್ಟಿನ ಗಟಾರಕ್ಕೆ ಬಿಳಿ ಪೌಡರು. ಮಂಗಳವಾರ ನೀರಿನ ಟಾಕಿ ತೊಳೆಯುವುದು. ಬುಧವಾರ ದಂಡೆಯ ದೀಪದ ಕಂಬಗಳು. ಉಪ್ಪುಗಾಳಿ ಹೋಲ್ಡರುಗಳನ್ನು ತಿಂದುಹಾಕುತ್ತಿತ್ತು, ಹಾಗಾಗಿ ಬುಧವಾರ ಹತ್ತಿದ ದೀಪ ಮುಂದಿನ ಮಂಗಳವಾರದ ಹೊತ್ತಿಗೆ ಆರಿರುತ್ತಿತ್ತು. ಗುರುವಾರ ನಾಯಿ ಹಿಡಿಯುವುದು. ಶುಕ್ರವಾರ ಮನೆ ಕಂದಾಯ. ಶನಿವಾರ ಸಂತೆಯ ಬಯಲಿನ ಕಸ. ವಾರವೆಂಬುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಹಲಗೆಯ ಎದುರು. ನನ್ನ ಮಟ್ಟಿಗೆ ಮಂಗಳವಾರಕ್ಕೆ ಇವತ್ತಿಗೂ ಪಾಚಿಯ ವಾಸನೆ.

ಹಲಗೆಯ ಕಟ್ಟಕಡೆಯ ಸಾಲು ಮಾತ್ರ ಎಂದೂ ಬದಲಾಗುತ್ತಿರಲಿಲ್ಲ: ‘ಜನನ–ಮರಣ ಶಾಖೆ: ಪ್ರತಿದಿನ.’ ಒಂದು ಸಲ ಅಪ್ಪನನ್ನು ಕೇಳಿದೆ, “ಹಾಗಾದ್ರೆ ದಿನಾಲೂ ಯಾರಾದ್ರೂ ಸಾಯ್ಲೇಬೇಕಾ?”

“ಸಾಯ್ಬೇಕು ಅಂತ ಅಲ್ಲ ಮಾರಾಯ. ಸತ್ರೆ ಅಂತ ಒಬ್ಬ ಕೂತಿರ್ಬೇಕು” ಅಂದರು ಅಪ್ಪ.

ಆ ‘ಸತ್ರೆ’ ಅನ್ನುವುದು ನನ್ನೊಳಗೆ ಅವತ್ತೇ ಹೊಕ್ಕು ಕೂತಿತು. ಒಂಬತ್ತು ವರ್ಷದವನಿದ್ದಾಗ ಹಲಗೆಯ ಮೇಲೆ ‘ನಾಯಿ ಹಿಡಿಯುವುದು’ ಎಂದು ಓದಿ, ಪಕ್ಕದ ಮನೆಯ ಕರಿ ನಾಯಿಯನ್ನು ನಮ್ಮ ಬಚ್ಚಲಿನಲ್ಲಿ ಕೂಡಿಹಾಕಿದೆ. ಅದು ಸೀಗೆಪುಡಿಯ ಡಬ್ಬಿ ಉರುಳಿಸಿ, ಮೂಸಿ, ಸೀನಿ ಸೀನಿ ಸುಸ್ತಾಗಿ, ಸಂಜೆ ಅಮ್ಮ ಬಾಗಿಲು ತೆಗೆದಾಗ ಅವಳ ಕಾಲಸಂದಿಯಲ್ಲೇ ಪಾರಾಯಿತು. ನಾಯಿ ಹಿಡಿಯುವವರು ಆ ವಾರ ಬರಲೇ ಇಲ್ಲ. ಅವರ ಗಾಡಿಯ ಚಕ್ರ ಮುರಿದಿತ್ತಂತೆ. ನನಗೆ ಬಿದ್ದ ಏಟು ಮಾತ್ರ ನಿಗದಿತ ದಿನವೇ ಬಿತ್ತು. ಬರೆದದ್ದೆಲ್ಲ ನಡೆಯುವುದಿಲ್ಲ ಎಂಬ ಪಾಠ ಅವತ್ತು ಕಲಿಯಬೇಕಿತ್ತು. ನಾನು ಕಲಿತದ್ದು ಬೇರೆ: ಬರೆಯದೇ ಇದ್ದರೆ ಇನ್ನೂ ಕೆಟ್ಟದ್ದು ನಡೆಯುತ್ತದೆ.

ಇಂಥ ಹುಡುಗ ಬೆಳೆದು ಎಲ್ಲಿ ಸೇರಬೇಕೋ ಅಲ್ಲಿಗೇ ಸೇರಿದ. ಇಪ್ಪತ್ತೇಳು ವರ್ಷದಿಂದ ಪುಣೆಯ ಒಂದು ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ನೋಡುತ್ತೇನೆ. ಬೆಂಕಿ, ನೀರು, ಗೋಡೆ ಕುಸಿತ. ಏನೇನು ಕೆಡಬಹುದೆಂದು ಯೋಚಿಸುವುದಕ್ಕೆ ಸಂಬಳ ಕೊಡುವ ನೌಕರಿ ಲೋಕದಲ್ಲಿ ಇದೊಂದೇ ಇರಬೇಕು. ಫೋನಿನಲ್ಲಿ ದಿನಕ್ಕೆ ಹತ್ತು ಸಲ ನಾನು ಹೇಳುವ ಮಾತೂ ಒಂದೇ: ‘ಸರ್ವೆಯರ್ ಬಂದು ನೋಡೋ ತನಕ ಯಾವುದನ್ನೂ ಮುಟ್ಟಬೇಡಿ.’ ಸುಟ್ಟ ಅಂಗಡಿಯವನು ಅಳುತ್ತಿರುತ್ತಾನೆ, ಒದ್ದೆ ಅಕ್ಕಿ ಹುಳಿಯುತ್ತಿರುತ್ತದೆ, ನಾನು ಅದೇ ಹೇಳುತ್ತೇನೆ. ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ.

ಮನೆಯಲ್ಲಿ ಅಪ್ಪನ ಹಲಗೆ ಕ್ಯಾಲೆಂಡರಿನ ರೂಪ ತಾಳಿತು. ಅಡಿಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ತೂಗುತ್ತದೆ. ಪ್ರತಿ ಭಾನುವಾರ ಮರಾಠಿ ಪೇಪರು, ವಾರ್ಡ್ ಆಫೀಸಿನ ನೋಟೀಸು, ಗುಂಪುಗಳಲ್ಲಿ ಹರಿದಾಡುವ ಮೆಸೇಜು ಎಲ್ಲ ಜರಡಿ ಹಿಡಿದು ವಾರವನ್ನು ಬರೆದಿಡುತ್ತೇನೆ. ಸೋಮವಾರ ಸೊಳ್ಳೆಯ ಹೊಗೆ. ಮಂಗಳವಾರ ಅತಿಕ್ರಮಣದ ಗಾಡಿ. ಅವತ್ತು ಗಲ್ಲಿಯ ಕೈಗಾಡಿಗಳೆಲ್ಲ ಮಾಯ, ಕೊತ್ತಂಬರಿ ಸಿಗುವುದಿಲ್ಲ. ಬುಧವಾರ ಎಲ್ಲ ಪಾತ್ರೆ ತುಂಬಿಕೊಳ್ಳುವುದು. ಗುರುವಾರ ನೀರಿಲ್ಲ. ಪೈಪಿನಲ್ಲಿ ನೀರಿಲ್ಲವಲ್ಲ ಎಂದು ಡ್ರೈನೇಜಿನವರು ರಸ್ತೆ ಅಗೆಯುವುದೂ ಗುರುವಾರವೇ. ಶುಕ್ರವಾರ ಬರುವ ನೀರು ಮಣ್ಣುಬಣ್ಣದ್ದು, ಸಣ್ಣ ಧಾರೆ. ಶನಿವಾರ ಮರದ ಟೊಂಗೆ.

“ಹುಡುಗ ವಿಮಾ ಕಂಪನ್ಯಾಗ ಅದಾನ ಅಂತ ಹೇಳಿ ಲಗ್ನ ಮಾಡಿದ್ರು ನಮ್ಮಪ್ಪ. ಪಾಲಿಕಿ ಒಳಗೂ ಅದಾನ ಅಂತ ಯಾರೂ ಹೇಳಿದ್ದಿಲ್ಲ” ಅನ್ನುತ್ತಾಳೆ ಸುಧಾ. ಹಾಗಂದರೂ ಬುಧವಾರ ಸಂಜೆ ಬಕೆಟ್ ಹಿಡಿಯುವವಳು ಅವಳೇ.

ಈ ಪಟ್ಟಿಗೆ ಒಬ್ಬ ಖಾಯಂ ಓದುಗನಿದ್ದ. ಅವನೇ ಶರಣಪ್ಪ. ಕಲಬುರಗಿಯ ಕಡೆ, ಜೇವರ್ಗಿ ಹತ್ತಿರದವನು. ನಮ್ಮ ಬಿಲ್ಡಿಂಗಿಗೆ ಇಟ್ಟಿಗೆ ಹೊರಲು ಬಂದು, ಕಟ್ಟಿ ಮುಗಿದ ಮೇಲೆ ಅದಕ್ಕೇ ಕಾವಲಾಗಿ ಉಳಿದುಕೊಂಡ. ಕೆಳಗೆ ಪಾರ್ಕಿಂಗಿನ ಮೂಲೆಯಲ್ಲಿ ಪಂಪಿನ ಕೋಣೆ, ಅದಕ್ಕೆ ಅಂಟಿದ ಇನ್ನೊಂದು ಕೋಣೆಯಲ್ಲಿ ಅವನೂ ಹೆಂಡತಿ ಮಹಾದೇವಿಯೂ. ಮಕ್ಕಳಿರಲಿಲ್ಲ. ಮರಾಠಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡ ನಾಲ್ಕನೆಯ ಇಯತ್ತೆಯ ತನಕ ಓದಿದ್ದ. ಹಾಗಾಗಿ ಅವನಿಗೆಂದೇ ಪಟ್ಟಿಯ ಕನ್ನಡ ಪ್ರತಿಯೊಂದನ್ನು ಭಾನುವಾರ ಸಂಜೆ ಒಯ್ದು ಕೊಡುತ್ತಿದ್ದೆ. ಪಂಪಿನ ಸ್ವಿಚ್ಚಿನ ಮೇಲೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದ.

“ಈ ವಾರ ಸರ್ಕಾರದ್ದು ಏನೇನು ಅದ್ರಿ ಸಾಹೇಬ್ರ?”

“ಗುರುವಾರ ನೀರಿಲ್ಲ.”

“ಅದು ದೇವರು ಬರದದ್ದು ಬಿಡ್ರಿ. ಹೊಸಾದು ಹೇಳ್ರಿ.”

ಹೊಸದು ಏನಿರುತ್ತಿತ್ತು? ಒಮ್ಮೆ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿ ಹೇಳಿದ: “ಇದನ್ನ ಓದಿದ್ರ ಈ ಊರಾಗ ಮಂದಿ ಬದುಕೋದೇ ಸುಳ್ಳು ಅನಸ್ತದ್ರಿ. ಗೇಟಿನ ಹೊರಗ ಹೋಗಿ ನೋಡಿದ್ರ ಎಲ್ಲಾರೂ ಚಾ ಕುಡಕೋತ ನಿಂತಿರ್ತಾರ.”

ನನಗೆ ಸ್ವಲ್ಪ ಅವಮಾನವಾಯಿತು. ಆದರೂ ಹೇಳಬೇಕಾದ ಮಾತೆಂದರೆ, ನಾನು ಬರೆದದ್ದನ್ನು ಈ ಭೂಮಿಯ ಮೇಲೆ ಚಾಚೂತಪ್ಪದೆ ಪಾಲಿಸಿದವನು ಅವನೊಬ್ಬನೇ. ಹೊಗೆಯ ಗಾಡಿಯ ಸದ್ದು ದೂರದಲ್ಲಿ ಕೇಳಿದೊಡನೆ ಕೆಳಗಿನ ಮನೆಗಳ ಕಿಟಕಿ ತಟ್ಟಿ “ಝಾಕಾ, ಝಾಕಾ” ಎಂದು ಮುಚ್ಚಿಸುತ್ತಿದ್ದ. ಬುಧವಾರ ಟಾಕಿ, ಡ್ರಮ್ಮು, ಬಕೆಟ್ಟು, ಕಡೆಗೆ ಮಹಾದೇವಿಯ ಹಿಟ್ಟಿನ ಪಾತೇಲಿಯನ್ನೂ ಬಿಡದೆ ನೀರು ತುಂಬಿಸುತ್ತಿದ್ದ. ಅವಳು ಬಯ್ಯುತ್ತಿದ್ದಳು: “ರೊಟ್ಟಿ ನಿನ್ನ ತಲಿ ಮ್ಯಾಲ ಬಡೀಲೇನು?” ಅವನು, “ಸಾಹೇಬ್ರು ಬರದಾರ” ಅಂದರೆ ಮುಗಿಯಿತು.

ಅವನ ಕೊನೆಯ ಬುಧವಾರವೂ ಎಲ್ಲವನ್ನೂ ತುಂಬಿಸಿಟ್ಟಿದ್ದ.

ಗುರುವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಿದ ಸದ್ದು. ಮಹಾದೇವಿ. ಓಡಿ ಬಂದಂತಿರಲಿಲ್ಲ, ಏದುಸಿರಿರಲಿಲ್ಲ. “ಅಣ್ಣಾರ, ಇವ್ರು ಏಳವಲ್ರು ನೋಡ್ರಿ” ಅಂದಳು. ಹಾಲಿನವನು ಬಂದಿಲ್ಲ ಅನ್ನುವ ಧ್ವನಿಯಲ್ಲೇ.

ಕೆಳಗೆ ಹೋದೆ. ಚಾಪೆಯ ಮೇಲೆ ಅಂಗಾತ ಮಲಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಕೊರಳ ಲಿಂಗದ ಕರಡಿಗೆ ಒಂದು ಪಕ್ಕಕ್ಕೆ ಜಾರಿತ್ತು. ಕೈ ಮುಟ್ಟಿ ನೋಡಿದೆ, ಬೆಚ್ಚಗೇ ಇತ್ತು. ಕೈಬಿಟ್ಟೆ, ಕೈ ಬಿದ್ದ ರೀತಿಯಲ್ಲೇ ತಿಳಿಯಿತು. ಸುಧಾ ಬಂದು ಮಹಾದೇವಿಯನ್ನು ಹಿಡಿದುಕೊಂಡಳು. ಆಗ ಮಹಾದೇವಿಗೆ ಅಳು ಬಂತು.

ನನಗೆ ಬಂದದ್ದು ಅಳುವಲ್ಲ, ಪಟ್ಟಿ. ಅದನ್ನು ಬರೆಯುತ್ತ ಫೋನು ಹಚ್ಚಿದೆ. ಅವನ ಬಿಪಿಗೆ ಔಷಧಿ ಕೊಡುತ್ತಿದ್ದ ನಮ್ಮ ಗಲ್ಲಿಯ ಡಾಕ್ಟರು ಹಿಂದಿನ ದಿನವೇ ದೇಹೂ ರೋಡಿನ ತಂಗಿಯ ಮನೆಗೆ ಹೋಗಿದ್ದರು. ‘ಹತ್ತಕ್ಕೆ ಬರ್ತೇನೆ. ನೋಡದೆ ಬರೆಯೋದಿಲ್ಲ’ ಅಂದರು. ಬೇರೆ ಇಬ್ಬರು ಡಾಕ್ಟರುಗಳು, ತಾವು ನೋಡಿದ ರೋಗಿಯಲ್ಲ, ಆಸ್ಪತ್ರೆಗೆ ಒಯ್ಯಿರಿ ಅಂದರು. ಆಸ್ಪತ್ರೆ ಅಂದರೆ ಪೊಲೀಸರು, ಪೊಲೀಸರು ಅಂದರೆ ಪೋಸ್ಟ್‌ಮಾರ್ಟಮ್ಮು, ಅಲ್ಲಿ ಕೊಯ್ದು ಹೊಲಿದು ಕೊಡುತ್ತಾರೆ. ಇದು ನನ್ನ ತಲೆಯಲ್ಲಿ ಬೆಸೆದುಕೊಂಡ ಸರಪಳಿ. ಎಷ್ಟು ನಿಜವೋ ನನಗೆ ಗೊತ್ತಿರಲಿಲ್ಲ. ಕ್ಲೇಮುಗಳಲ್ಲಿ ನೋಡಿದ್ದೆ, ಅಷ್ಟೇ.

ಎಂಟಕ್ಕೆ ಬಸಣ್ಣ ಬಂದ. ಶರಣಪ್ಪನ ಊರಿನವನೇ, ಸಾಸವಡ ರಸ್ತೆಯ ಒಂದು ಕಟ್ಟಡದ ಕೆಲಸದಲ್ಲಿ ಗೌಂಡಿ ಮೇಸ್ತ್ರಿ. ಜೊತೆಗೆ ನಾಲ್ಕು ಜನ, ಎಲ್ಲರ ಕೈಕಾಲಿಗೂ ಸಿಮೆಂಟು ಮೆತ್ತಿದ ಹಾಗೇ ಟೆಂಪೋ ಹತ್ತಿ ಬಂದಿದ್ದರು. ಒಳಗೆ ಹೋಗಿ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದ.

“ಸಾಹೇಬ್ರ, ಕೂಡ್ರಸ್ತೇವ್ರಿ.”

“ಏನು?”

“ನಮ್ಮ ಮಂದ್ಯಾಗ ಮಲಗಿಸಿ ಮಣ್ಣು ಮಾಡಂಗಿಲ್ರಿ. ಕುಂತೇ ಹೋಗ್ಬೇಕು. ಚಕ್ಕಂಬಕ್ಕಳ ಹಾಕಿಸಿ, ಎಡಗೈಯಾಗ ಲಿಂಗ ಕೊಟ್ಟು. ಮೈ ಇನ್ನಾ ಸಡ್ಲ ಅದ, ಈಗ ಕೂಡ್ರಿಸಿ ಗೋಡಿಗಿ ಆನಿಸಿ ಕಟ್ಟಿಬಿಟ್ರ ಹಂಗೇ ನಿಲ್ತದ. ಹೊತ್ತಾತಂದ್ರ ಸೆಟದು ಕಟಗಿ ಆಗ್ತದ್ರಿ. ಆಮ್ಯಾಲ ಬಗ್ಗಂಗಿಲ್ಲ.”

ಇಷ್ಟು ಸ್ಪಷ್ಟವಾಗಿ ಹೇಳಿದ. ನನಗೆ ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಕೇಳಿಸಿತು. ನಾವು ಸುಡುವವರು, ನೆಲದ ಮೇಲೆ ಮಲಗಿಸಿ ಕಾಯುವುದೇ ನಮಗೆ ರೂಢಿ. ಅವನ ಮಾತು ನನ್ನ ಪಟ್ಟಿಯ ಯಾವ ನಂಬರಿಗೂ ಹೊಂದುತ್ತಿರಲಿಲ್ಲ. ನಾನು ಅಂದೆ, “ಇರಪ್ಪಾ ಬಸಣ್ಣ. ಡಾಕ್ಟರು ಬಂದು ನೋಡೋ ತನಕ ಯಾರೂ ಮುಟ್ಟಬೇಡ್ರಿ.”

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಮುಂದಿನದೂ ತಾನಾಗಿ ಬಂತು: “ಇದ್ದದ್ದು ಇದ್ದ ಹಾಗೇ ಇರಲಿ.”

“ಎಷ್ಟೊತ್ತು ಆಗ್ತದ್ರಿ?”

“ಹತ್ತಕ್ಕೆ ಬರ್ತಾರೆ. ನಾವು ಕೂಡ್ರಿಸಿ, ಕಟ್ಟಿ, ಅವರು ಬಂದು ‘ಯಾಕೆ ಮುಟ್ಟಿದ್ರಿ, ಹಗ್ಗದ ಗುರುತು ಯಾಕೆ’ ಅಂದ್ರೆ? ಕೇಸಾಗ್ತದೆ. ಕೊಯ್ತಾರೆ. ಬೇಕಾ?”

‘ಕೊಯ್ತಾರೆ’ ಅಂದದ್ದೇ ನಾಲ್ವರೂ ಒಂದು ಹೆಜ್ಜೆ ಹಿಂದೆ ಸರಿದರು. ಸುಧಾ ಕೋಣೆಯ ಬಾಗಿಲಲ್ಲಿ ನಿಂತು, “ರೀ, ಅವರಿಗೆ ಗೊತ್ತಿರ್ತದ, ಅವರ ಮಾತು ಕೇಳ್ರಿ” ಅಂದಳು. ನಾನು ಕೈ ಬೀಸಿದೆ. ಬಸಣ್ಣ ಮಹಾದೇವಿಯ ಕಡೆ ತಿರುಗಿದ. ಅವಳು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಮೂಗು ಒರೆಸಿಕೊಂಡು ಅಂದಳು:

“ಅಣ್ಣಾರು ಓದಿದವರು. ಅವರು ಹೇಳಿದಂಗ ಆಗ್ಲಿ.”

ಗೋಡೆಗೆ ಒರಗಿ ಬಸಣ್ಣ ಕುಕ್ಕರಗಾಲಲ್ಲಿ ಕೂತ. ನಾನು ಫೋನು ಹಿಡಿದು ನಿಂತೆ.

ಇಲ್ಲಿಂದ ಮುಂದಿನದನ್ನು ನೀವು ನಂಬಲಿಕ್ಕಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ನಾನು ಕಾಣದ್ದು ಆ ಎರಡು ತಾಸುಗಳಲ್ಲಿ ನಡೆಯಿತು: ಎಲ್ಲ ಶಾಖೆಗಳೂ ಕೆಲಸ ಮಾಡಿದವು. ಡ್ರೈನೇಜಿನ ಕೂಲಿಗಳ ಮೇಲಿನ ಮುಕಾದಮನಿಗೆ ಹೋಗಿ ಹೇಳಿದೆ, ಹೀಗ್ಹೀಗೆ, ಗಾಡಿ ಬರಬೇಕು. ಅವನು ಟೋಪಿ ತೆಗೆದು, “ಅರೇರೇ, ಶರಣಪ್ಪಾ ಗೇಲಾ?” ಶರಣಪ್ಪ ಹೋದನೇ ಎಂದು ಕೇಳಿ, ಆರು ಜನರಿಂದ ಎರಡು ಕಬ್ಬಿಣದ ತಗಡು ಹೊರಿಸಿ ಕಾಲುವೆಯ ಮೇಲೆ ಹಾಸಿಸಿಕೊಟ್ಟ. ಶವವಾಹನದವರು ಒಂದೇ ರಿಂಗಿಗೆ ಫೋನ್ ಎತ್ತಿದರು. ಪಾಸ್ ಕೊಡುವಲ್ಲಿನ ಹೆಣ್ಣುಮಗಳು, ವಿಳಾಸ ಊರಿನದಿದ್ದರೂ ನಡೆಯುತ್ತದೆ, ಡಾಕ್ಟರ ಕಾಗದ ಬಂದೊಡನೆ ತನ್ನಿ, ಊಟಕ್ಕೆ ಏಳುವುದಿಲ್ಲ ಅಂದಳು. ಲಿಂಗಾಯತರ ರುದ್ರಭೂಮಿಯ ಕುಣಿ ತೋಡುವವನು ಒಂಬತ್ತಕ್ಕೇ ಹಾರೆ ಹಿಡಿದಿದ್ದ. ಜೋಶಿ ಕಾಕಾ ಎಂದೂ ತೆರೆಯದ ದೊಡ್ಡ ಗೇಟಿನ ಎರಡೂ ಬಾಗಿಲುಗಳನ್ನು ತಾವೇ ಎಣ್ಣೆ ಹಾಕಿ ತೆರೆದಿಟ್ಟರು. ಲಕೋಟೆಯ ಮೇಲೆ ಒಂದೊಂದೇ ನಂಬರಿಗೆ ಗೀಟು ಎಳೆಯುತ್ತ ಬಂದೆ. ಹೇಳಲು ನಾಚಿಕೆಯಾಗುತ್ತದೆ, ಹತ್ತರ ಹೊತ್ತಿಗೆ ನನಗೆ ಒಂದು ಬಗೆಯ ಹುಮ್ಮಸ್ಸೇ ಬಂದಿತ್ತು. ಅಪ್ಪ ಇದ್ದಿದ್ದರೆ ಹಲಗೆ ಒರೆಸಿ ಹೊಸದಾಗಿ ಬರೆಯುತ್ತಿದ್ದರು ಅನ್ನಿಸಿತು.

ಹತ್ತಕ್ಕೆ ಡಾಕ್ಟರು ಬರಲಿಲ್ಲ. ಹೈವೇಯಲ್ಲಿ ಟ್ರಾಫಿಕ್ಕು. ಹತ್ತೂವರೆಗೆ ಬಸಣ್ಣ ಬಂದು ಎದುರು ನಿಂತ. ನಾನೇ “ಇನ್ನರ್ಧ ತಾಸು” ಅಂದೆ. ಹನ್ನೊಂದಕ್ಕೆ ಮತ್ತೆ ಬಂದ. “ಸಾಹೇಬ್ರ, ಗದ್ದ ಬಿಗದದ. ಕುತ್ತಿಗಿ ಬಿಗದದ. ಕೆಳಗ ಇಳೀಲಿಕ್ಕತ್ತದ್ರಿ.” ಗೋಡೆಗೆ ಹಾಕಿದ ಗಿಲಾವಿನ ಬಗ್ಗೆ ಮಾತಾಡುವವನ ಹಾಗೆ, ಎಲ್ಲೆಲ್ಲಿ ಎಷ್ಟೆಷ್ಟು ಗಟ್ಟಿಯಾಗಿದೆ ಎಂದು ಕೈಯಿಂದ ತೋರಿಸಿದ. ಏಪ್ರಿಲಿನ ಬಿಸಿಲು ಪಾರ್ಕಿಂಗಿನ ತಗಡಿನ ಮೇಲೆ ಕಾಯುತ್ತಿತ್ತು. “ಬಂದೇಬಿಟ್ರು, ನಿಗಡಿ ದಾಟಿದಾರಂತೆ” ಅಂದೆ. ಬಸಣ್ಣನಿಗೆ ನಿಗಡಿ ಎಷ್ಟು ದೂರವೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಯ ಎರಡು ಟವರು ಅವನೇ ಕಟ್ಟಿದ್ದು.

ಡಾಕ್ಟರು ಬಂದದ್ದು ಹನ್ನೆರಡೂಕಾಲಿಗೆ. ಬೆವರೊರೆಸಿಕೊಂಡು ಒಳಗೆ ಹೋದರು. ಕಣ್ಣು ನೋಡಿದರು, ಎದೆಗೆ ಸ್ಟೆಥಾಸ್ಕೋಪು ಇಟ್ಟರು, ಎರಡು ನಿಮಿಷ. ಹೃದಯಾಘಾತ ಎಂದು ಬರೆದರು, ಸಹಿ ಹಾಕಿದರು. ಓದುವ ಹಾಗೇ ಬರೆದಿದ್ದರು. ಆಮೇಲೆ ಮಲಗಿದ ಹೆಣವನ್ನೂ ಕರಡಿಗೆಯನ್ನೂ ನೋಡಿ ನನ್ನನ್ನು ಕೇಳಿದರು, ಇವರಲ್ಲಿ ಕೂಡಿಸುತ್ತಾರಲ್ಲವೇ, ಯಾಕೆ ಇನ್ನೂ ಕೂಡಿಸಿಲ್ಲ?

“ನೀವು ನೋಡೋ ತನಕ ಮುಟ್ಟಬಾರದಲ್ಲ” ಎಂದೆ ಮರಾಠಿಯಲ್ಲಿ.

“ಅಸಂ ಕೋಣ್ ಮ್ಹಣಾಲಂ?” ಅಂದರು. ಹಾಗಂತ ಯಾರು ಹೇಳಿದರು? ಮೂರು ವರ್ಷದಿಂದ ಅವನ ಬಿಪಿ ನೋಡುತ್ತಿದ್ದೇನೆ, ಕೂತಿದ್ದರೂ ನೋಡುತ್ತಿದ್ದೆ, ಮಲಗಿದ್ದರೂ ನೋಡುತ್ತಿದ್ದೆ. ಒಂದು ಫೋನು ಮಾಡಿ ಕೇಳಬಾರದಿತ್ತೇ?

ನಾನು ಬೆಳಿಗ್ಗೆಯಿಂದ ಅವರಿಗೆ ಒಂಬತ್ತು ಸಲ ಫೋನು ಮಾಡಿದ್ದೆ. ಒಂಬತ್ತು ಸಲವೂ ಎಲ್ಲಿದ್ದೀರಿ ಎಂದು ಕೇಳಿದ್ದೆ.

ಬಸಣ್ಣನಿಗೆ ಮರಾಠಿ ಅರ್ಥವಾಗುತ್ತದೆ. ಮಹಾದೇವಿಗೂ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಉತ್ತರ ಸಿದ್ಧವಿತ್ತು, ಕೇಸು, ಕಾನೂನು, ನಿಮ್ಮ ಒಳ್ಳೆಯದಕ್ಕೇ ಎಂದೆಲ್ಲ.

“ನೀರು ಕಾಸ್ರಿ” ಅಂದ ಬಸಣ್ಣ.

ನೀರಿಗೆ ಕೊರತೆ ಇರಲಿಲ್ಲ. ಡ್ರಮ್ಮು, ಬಕೆಟ್ಟು, ಪಾತೇಲಿ, ಎಲ್ಲದರಲ್ಲೂ ಕಂಠಮಟ್ಟ. ಸುಧಾ ನಮ್ಮ ಮನೆಯ ಎರಡೂ ಒಲೆ ಹಚ್ಚಿದಳು, ಜೋಶಿ ಕಾಕಾರ ಹೆಂಡತಿ ಗೀಸರ್ ಹಾಕಿದರು, ಮೂರು ಮಹಡಿಯಿಂದ ಬಿಸಿನೀರಿನ ಕೊಡಗಳು ಮೆಟ್ಟಿಲಿಳಿದು ಬಂದವು. ನಾನೂ ಹೊತ್ತೆ. ಬಾಗಿಲಿಗೆ ಒಂದು ಸೀರೆ ಅಡ್ಡ ಕಟ್ಟಿದ್ದರು. ಅದರ ಹಿಂದಿನಿಂದ ನೀರು ಸುರಿಯುವ ಸದ್ದು, ಗಂಡಸರ ಉಸಿರು, ಬಸಣ್ಣನ ಮಾತು: “ಹಗೂರ್ಕ... ಎಣ್ಣಿ ಹಚ್ಚು... ಮೊಣಕಾಲ ಹಿಂದ ಹಿಡಿ... ಹಾಂ, ಬಂತು.” ಬೆನ್ನು ಬಂತು. ಕೈಗಳು ಬಂದವು. ಬಲಗಾಲು ಮಡಿಸಿತು. ಆಮೇಲೆ ಬಹಳ ಹೊತ್ತು ನೀರಿನ ಸದ್ದೊಂದೇ. ಯಾರೋ ಇಬ್ಬರು ಒಟ್ಟಿಗೆ ಜೋರು ಹಾಕಿದ ಹಾಗೆ ಕೇಳಿಸಿತು. ನಾನು ಕೊಡ ಹಿಡಿದು ಸೀರೆಯ ಈಚೆ ನಿಂತಿದ್ದೆ.

“ಸಾಕು ಬಸಣ್ಣ” ಅಂದಳು ಒಳಗಿನಿಂದ ಮಹಾದೇವಿ. “ಮುರೀಬ್ಯಾಡ.”

“ಎಡಗಾಲು ಒಂದೇ ಉಳದದ ಯಕ್ಕಾ.”

“ಇರ್ಲಿ. ಮುರೀಬ್ಯಾಡ.”

ಸೀರೆ ಸರಿಸಿದಾಗ ಶರಣಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆ, ತೋಳು, ಎದೆಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಬಲಗಾಲು ಚಕ್ಕಂಬಕ್ಕಳಕ್ಕೆ ಮಡಚಿತ್ತು. ಎಡಗಾಲು ನೇರ ಮುಂದಕ್ಕೆ, ಬಾಗಿಲಿನ ತನಕ ಚಾಚಿತ್ತು. ಹೊಸ್ತಿಲ ಮೇಲೆ ಅವನ ಹಿಮ್ಮಡಿ, ಅದರಾಚೆ ನಾನು.

ಗಾಡಿ ಹೇಳಿದ ಹೊತ್ತಿಗೆ ಬಂತು. ತಗಡಿನ ಮೇಲೆ ಗಡಗಡ ಸದ್ದು ಮಾಡುತ್ತ ಕಾಲುವೆ ದಾಟಿತು. ಮುಕಾದಮ ಕೈ ಮುಗಿದ. ಗಾಡಿಯೊಳಗೆ ಬಸಣ್ಣ ಹಿಂದಿನಿಂದ ಅವನನ್ನು ತಬ್ಬಿ ಕೂತ, ಇನ್ನೊಬ್ಬ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಪಾಸಿಗೆ ಐದೇ ನಿಮಿಷ. ಟೊಂಗೆ ಕಡಿಯುವವರ ಲಾರಿ ಎಲ್ಲೂ ಕಾಣಲಿಲ್ಲ, ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ರುದ್ರಭೂಮಿಯಲ್ಲಿ ಅಯ್ಯನವರು ಬಿಲ್ವಪತ್ರೆ, ಉಪ್ಪು, ವಿಭೂತಿ ಗಟ್ಟಿಗಳೊಂದಿಗೆ ಕಾದಿದ್ದರು. ಕುಣಿ ಸಿದ್ಧವಾಗಿತ್ತು. ಚೌಕಾದ ಬಾಯಿ, ನೇರವಾದ ಗೋಡೆಗಳು, ಒಂದು ಗೋಡೆಯಲ್ಲಿ ಕೂತವನನ್ನು ಒಳಗೆ ಸರಿಸುವಷ್ಟು ಗೂಡು. ನಗರದಲ್ಲಿ ಜಾಗ ಕಡಿಮೆ. ಮಡಿಸಿ ಕೂತ ಮನುಷ್ಯನೊಬ್ಬನಿಗೆ ಎಷ್ಟು ಬೇಕೋ ಅಷ್ಟೇ, ಒಂದು ಬೊಗಸೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅಷ್ಟು ಅಚ್ಚುಕಟ್ಟಾಗಿ ತೋಡಿದ್ದ.

ಇಳಿಸಿದರು. ಗೂಡಿನಲ್ಲಿ ಬೆನ್ನು ಸರಿಯಾಗಿ ಕೂತಿತು. ಎಡಗಾಲು ಎದುರಿನ ಗೋಡೆಗೆ ಒತ್ತಿ ಮೇಲೆದ್ದಿತು. ಕಾಲು ಕೆಳಗೆ ತಂದರೆ ಬೆನ್ನು ಗೂಡಿನಿಂದ ಈಚೆ ಬರುತ್ತಿತ್ತು, ಬೆನ್ನು ಒತ್ತಿದರೆ ಕಾಲು ಏಳುತ್ತಿತ್ತು. ಎರಡು ಸಲ ನೋಡಿ ಬಸಣ್ಣ ಕುಣಿಯೊಳಗಿನಿಂದ ತಲೆಯೆತ್ತಿದ. ತೋಡುವವನು ಮರಾಠಿಯವನು, ಕಾಲನ್ನು ನೋಡಿದ, ಪಾಸು ನನ್ನ ಕೈಯಲ್ಲಿ ಇದ್ದುದರಿಂದ ನನ್ನನ್ನು ಕೇಳಿದ, “ಕಿತೀ?” ಎಷ್ಟು ತೆಗೆಯಲಿ?

ಮಹಾದೇವಿ ಕುಣಿಯ ಅಂಚಿಗೆ ಬಂದು ಮೊಣಕಾಲೂರಿದಳು. ಬಗ್ಗಿ, ಗಂಡನ ಪಾದ ತಾಗಿದ ಮಣ್ಣಿನ ಮೇಲೆ ಕೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಗಲಿಸಿ ಅಳೆದಳು. ಅಲ್ಲಿಂದ ಮುಂದೆ ಬೆರಳು ಕೂಡಿಸಿ ಇಟ್ಟಳು. ನನ್ನ ಕಡೆ ನೋಡದೆ ಹೇಳಿದಳು:

“ಒಂದು ಗೇಣು. ಮ್ಯಾಲ ನಾಕು ಬೆರಳು. ಹೇಳ್ರಿ ಅವಗ.”

“ಏಕ್ ವೀತ್,” ಅಂದೆ. “ಆಣಿ ಚಾರ್ ಬೋಟಂ.”

ಅವನು ಹಾರೆ ಎತ್ತಿಕೊಂಡು ಕೆಳಗಿಳಿದ. ಅವತ್ತು ಕೆಟ್ಟದ್ದು ಅಷ್ಟೇ. ಒಂದು ಗೇಣು, ನಾಲ್ಕು ಬೆರಳು.